ಮೊದಲ ಕೊಂಬೆ ಎಲ್ಲಿರಬೇಕು?

ಬೋನ್ಸಾಯ್ ಕಲಿಯಲು ಹೊರಟವರಿಗೆ ಮೊದಲ ಪಾಠದಲ್ಲಿಯೇ ನಿಯಮಗಳ ಒಂದು ಪಟ್ಟಿ ಕೈಗೆ ಬರುತ್ತದೆ. ಮರದ ಎತ್ತರವು ಬುಡದ ದಪ್ಪದ ಆರರಷ್ಟಿರಬೇಕು. ಮೊದಲ ಕೊಂಬೆಯು ಒಟ್ಟು ಎತ್ತರದ ಮೂರರಲ್ಲೊಂದು ಪಾಲಿನ ಮಟ್ಟದಲ್ಲಿ ಹೊರಡಬೇಕು, ಎರಡನೆಯದು ಅದರ ಎದುರು ಬದಿಗೆ, ಕೊಂಚ ಮೇಲೆ, ಮೂರನೆಯದು ಹಿಂಬದಿಗೆ. ನೋಡುವವನ ಕಣ್ಣಿಗೆ ಚುಚ್ಚುವಂತೆ ಮುಂದಕ್ಕೆ ಚಾಚಿದ ಕೊಂಬೆ ಕೆಳಭಾಗದಲ್ಲಿ ಇರಕೂಡದು. ಕಾಂಡವು ಬಾಗಿದ ಕಡೆ ಕೊಂಬೆಯು ಬಾಗಿನ ಹೊರಮಗ್ಗುಲಿಗಿರಬೇಕು, ಒಳಮಗ್ಗುಲಿಗೆ ಸಲ್ಲದು. ಕುಂಡದ ಆಳ ಕಾಂಡದ ದಪ್ಪದಷ್ಟು, ಉದ್ದ ಮರದ ಎತ್ತರದ ಮೂರರಲ್ಲೆರಡು ಪಾಲಿನಷ್ಟು. ಗುಂಪಾಗಿ ನೆಡುವುದಾದರೆ ಮರಗಳ ಸಂಖ್ಯೆ ಬೆಸವಾಗಿರಬೇಕು. ನಿವೃತ್ತಿಯ ಅನಂತರ ನಾನು ಈ ವಿದ್ಯೆಯನ್ನು ಅಲ್ಪಸ್ವಲ್ಪ ಕಲಿಯತೊಡಗಿದಾಗ ನನಗೂ ದೊರೆತದ್ದು ಇದೇ ಪಟ್ಟಿ. ಇವು ಪುರಾತನ ಕಾಲದಿಂದ ನಡೆದುಬಂದ ನಿಯಮಗಳೆಂದು ಕಲಿಸುವವರೂ ನಂಬಿರುತ್ತಾರೆ, ಕಲಿಯುವವರೂ ನಂಬುತ್ತಾರೆ.

ಈ ಬರಹವನ್ನು ಓದುವ ನಿಮ್ಮಲ್ಲಿ ಅನೇಕರು ನನ್ನ ತರಗತಿಯಲ್ಲಿ ಶಬ್ದಮಣಿದರ್ಪಣದ ಹೆಸರನ್ನಾದರೂ ಕೇಳಿದವರು. ಪಂಪನು ತನ್ನ ಕಾವ್ಯಗಳನ್ನು ರಚಿಸಿದ್ದು ಕ್ರಿ.ಶ. 941ರ ಸುಮಾರಿಗೆ. ಕೇಶಿರಾಜನು ಹಳಗನ್ನಡದ ವ್ಯಾಕರಣವನ್ನು ಸೂತ್ರಗಳಲ್ಲಿ ಕಟ್ಟಿಕೊಟ್ಟದ್ದು 1260ರ ಸುಮಾರಿಗೆ. ನಡುವೆ ಮುನ್ನೂರು ವರ್ಷಗಳಿಗೂ ಮಿಕ್ಕ ಅಂತರವಿದೆ. ಪಂಪನು ಕೇಶಿರಾಜನನ್ನು ಓದಿ ಕಾವ್ಯ ಬರೆದವನಲ್ಲ. ಕೇಶಿರಾಜನೇ ಪಂಪ, ಪೊನ್ನ ಮೊದಲಾದ ಪೂರ್ವಕವಿಗಳ ಪ್ರಯೋಗಗಳನ್ನು ಪ್ರಮಾಣವಾಗಿಟ್ಟುಕೊಂಡು ಸೂತ್ರ ರಚಿಸಿದವನು. ಪ್ರಯೋಗ ಮೊದಲು, ಸೂತ್ರ ಆಮೇಲೆ. ಆದ್ದರಿಂದ ಯಾವ ಕ್ಷೇತ್ರದಲ್ಲೇ ಆಗಲಿ, ಅಚ್ಚುಕಟ್ಟಾದ ಸೂತ್ರಗಳ ಪಟ್ಟಿಯೊಂದು ಕಣ್ಣಿಗೆ ಬಿದ್ದೊಡನೆ ಇದರ ಕೇಶಿರಾಜ ಯಾರು, ಯಾವ ಕಾಲದವನು, ಯಾರಿಗೋಸ್ಕರ ಇದನ್ನು ಕಟ್ಟಿದನು ಎಂದು ಹುಡುಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಬೋನ್ಸಾಯ್ ವಿಷಯದಲ್ಲಿಯೂ ಹುಡುಕಿದೆನು. ಮರಗಳು ಬಹಳ ಹಳೆಯವು. ಮೇಲೆ ಹೇಳಿದ ಅಳತೆಯ ಪಟ್ಟಿಗೆ, ಅದು ಇಂದು ನಮ್ಮ ಕೈಗೆ ಬರುವ ರೂಪದಲ್ಲಿ, ಹೆಚ್ಚೆಂದರೆ ನನ್ನಷ್ಟೇ ವಯಸ್ಸು.

ಹೆಸರಿನಿಂದಲೇ ಆರಂಭಿಸೋಣ. ಜಪಾನಿ ಭಾಷೆಯಲ್ಲಿ 'ಬೋನ್' ಎಂದರೆ ಆಳವಿಲ್ಲದ ತಟ್ಟೆಯಂಥ ಪಾತ್ರೆ, 'ಸಾಯ್' ಎಂದರೆ ನೆಟ್ಟದ್ದು. ಈ ಎರಡು ಅಕ್ಷರಗಳೂ ಚೀನಾದವು. ಚೀನೀಯರು ಅವನ್ನೇ 'ಪೆನ್‌ಜಾಯ್' ಎಂದು ಓದುತ್ತಾರೆ. ಕಲೆಯೂ ಅಲ್ಲಿಂದಲೇ ಬಂದದ್ದು. ತಾಂಗ್ ಮನೆತನದ ಜಾಂಗ್‌ಹ್ವಾಯ್ ಎಂಬ ರಾಜಕುಮಾರನಿಗೆ 706ರಲ್ಲಿ ಕಟ್ಟಿದ ಸಮಾಧಿಯು ಇಂದಿನ ಶಿಆನ್ ನಗರದ ಸಮೀಪದಲ್ಲಿದೆ. ಅದರ ಗೋಡೆಯ ಚಿತ್ರಗಳಲ್ಲಿ ಪರಿಚಾರಕರು ಪುಟ್ಟ ಕಲ್ಲು, ಪುಟ್ಟ ಗಿಡಗಳಿರುವ ತಟ್ಟೆಯನ್ನು ಎರಡೂ ಕೈಗಳಲ್ಲಿ ಹಿಡಿದು ನಡೆಯುತ್ತಿದ್ದಾರೆ. ಚೀನಾದಿಂದ ಬೌದ್ಧ ಭಿಕ್ಷುಗಳ ಮತ್ತು ರಾಯಭಾರಿಗಳ ಜೊತೆಯಲ್ಲಿ ಈ ಅಭಿರುಚಿ ಜಪಾನಿಗೆ ದಾಟಿತು. 1309ರಲ್ಲಿ ಸಿದ್ಧವಾದ ಕಾಸುಗಾ ದೇವಾಲಯದ ಚಿತ್ರಸುರುಳಿಯೊಂದರಲ್ಲಿ ಸಿರಿವಂತನ ಮನೆಯ ಅಂಗಳದಲ್ಲಿ ಕುಂಡದ ಮರಗಳು ಕಾಣಸಿಗುತ್ತವೆ. ಎಲ್ಲಿಯೂ ಅಳತೆಯ ಮಾತಿಲ್ಲ.

ಹೀಗೆ ಕುಂಡದ ಮರಗಳು ಜಪಾನಿನ ದೊಡ್ಡವರ ಮನೆಗಳನ್ನು ಸೇರುತ್ತಿದ್ದ ಕಾಲದಲ್ಲಿಯೇ ಅವುಗಳ ಮೇಲೆ ಕಟುವಾದ ಒಂದು ಆಕ್ಷೇಪವೂ ದಾಖಲಾಗಿದೆ. 1330ರ ಆಸುಪಾಸಿನಲ್ಲಿ ಯೋಶಿದಾ ಕೆಂಕೋ ಎಂಬ ಸನ್ಯಾಸಿ ಬರೆದ 'ತ್ಸುರೆಜುರೆಗುಸಾ' ಎಂಬ ಬಿಡಿಬರಹಗಳ ಗ್ರಂಥದಲ್ಲಿ ಹಿನೋ ಸುಕೆತೊಮೊ ಎಂಬ ಆಸ್ಥಾನಿಕನ ಪ್ರಸಂಗ ಬರುತ್ತದೆ. ಕುಂಡದಲ್ಲಿ ಮರಗಳನ್ನು ವಿಚಿತ್ರವಾಗಿ ತಿರುಚಿ ಬೆಳೆಸುವುದರಲ್ಲಿ ಅವನಿಗೆ ಬಹಳ ಪ್ರೀತಿ. ಒಂದು ದಿನ ಮಳೆಗೆ ಸಿಕ್ಕಿ ಕ್ಯೋಟೋ ನಗರದ ತೋಜಿ ದೇವಾಲಯದ ಹೆಬ್ಬಾಗಿಲಲ್ಲಿ ನಿಂತಾಗ ಅಲ್ಲಿ ಕೈಕಾಲು ಸೊಟ್ಟಗಾಗಿದ್ದ ಭಿಕ್ಷುಕರು ಗುಂಪುಗೂಡಿದ್ದರು. ಮೊದಲಿಗೆ ಅವನಿಗೆ ಅವರ ರೂಪ ಕುತೂಹಲಕರವಾಗಿ ಕಂಡಿತು. ಸ್ವಲ್ಪ ಹೊತ್ತಿನಲ್ಲಿಯೇ ಆ ಕುತೂಹಲ ಅಳಿದು ಜುಗುಪ್ಸೆ ಹುಟ್ಟಿತು. ಸಹಜವಾದುದೇ ಮೇಲು ಎಂದುಕೊಂಡು ಮನೆಗೆ ಬಂದವನಿಗೆ ತಾನು ಅಕ್ಕರೆಯಿಂದ ಸಾಕಿದ ಮರಗಳಲ್ಲಿಯೂ ಅದೇ ಸೊಟ್ಟತನ ಕಾಣಿಸಿತು. ಎಲ್ಲವನ್ನೂ ಕಿತ್ತು ಎಸೆಯಿಸಿದನಂತೆ. ಭಿಕ್ಷುಕರ ವಿಷಯದಲ್ಲಿ ಅವನ ಮನಸ್ಸು ನಡೆದ ದಾರಿ ನನಗೆ ಒಪ್ಪಿತವಲ್ಲ. ಆದರೆ ಈ ಪ್ರಸಂಗದಿಂದ ಚರಿತ್ರೆಯ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಆ ಕಾಲದಲ್ಲಿ ಮೆಚ್ಚುಗೆ ಪಡೆಯುತ್ತಿದ್ದದ್ದು ವೈಚಿತ್ರ್ಯ. ಸಮತೂಕದ ಕೊಂಬೆಗಳು, ಮೂರರಲ್ಲೊಂದು ಪಾಲು ಇತ್ಯಾದಿಗಳು ಯಾರ ತಲೆಯಲ್ಲಿಯೂ ಇದ್ದಂತೆ ತೋರುವುದಿಲ್ಲ.

ಇದಕ್ಕೆ ಇದಿರಾಗಿ ಇನ್ನೊಂದು ಕಥೆಯಿದೆ. ಜಪಾನಿನ ನೋ ನಾಟಕಗಳಲ್ಲಿ 'ಹಾಚಿ ನೋ ಕಿ', ಅಂದರೆ 'ಕುಂಡದ ಮರಗಳು' ಎಂಬುದು ಪ್ರಸಿದ್ಧವಾದದ್ದು. ಆಸ್ತಿ ಕಳೆದುಕೊಂಡು ಬಡವನಾದ ತ್ಸುನೆಯೋ ಎಂಬ ಯೋಧನ ಗುಡಿಸಲಿಗೆ ಹಿಮ ಸುರಿಯುವ ಇರುಳಿನಲ್ಲಿ ಅಪರಿಚಿತ ಸನ್ಯಾಸಿಯೊಬ್ಬ ಬರುತ್ತಾನೆ. ಬೆಂಕಿ ಕಾಯಿಸಲು ಮನೆಯಲ್ಲಿ ಸೌದೆಯಿಲ್ಲ. ಉಳಿದಿರುವುದು ಮೂರೇ ಕುಂಡಗಳು, ಒಂದು ಪ್ಲಮ್, ಒಂದು ಚೆರ್ರಿ, ಒಂದು ಪೈನ್. ಅತಿಥಿಗಾಗಿ ಮೂರನ್ನೂ ಕಡಿದು ಉರಿಸುತ್ತಾನೆ. ಬಂದವನು ರಾಜ್ಯಭಾರ ನಡೆಸಿ ಸನ್ಯಾಸ ಸ್ವೀಕರಿಸಿದ್ದ ಹೋಜೋ ತೊಕಿಯೋರಿ ಎಂಬುದು ಆಮೇಲೆ ತಿಳಿಯುತ್ತದೆ. ಯೋಧನಿಗೆ ಮೂರು ಮರಗಳ ಹೆಸರುಳ್ಳ ಮೂರು ಉಂಬಳಿಗಳು ದೊರೆಯುತ್ತವೆ. ನಮ್ಮ ಅತಿಥಿ ಸತ್ಕಾರದ ಕಥೆಗಳನ್ನು ಕೇಳಿ ಬೆಳೆದವರಿಗೆ ಇದು ಹೊಸದೆನಿಸದು. ನಾಟಕದ ಹೆಸರನ್ನು ನೋಡಿ. ಶತಮಾನಗಳ ಕಾಲ ಜಪಾನೀಯರು ಈ ಮರಗಳನ್ನು ಕರೆದದ್ದು 'ಹಾಚಿ ನೋ ಕಿ' ಎಂದೇ. 'ಹಾಚಿ' ಎಂದರೆ ಆಳವಾದ ಕುಂಡ. ತೆಳ್ಳನೆಯ ತಟ್ಟೆಯೂ 'ಬೋನ್ಸಾಯ್' ಎಂಬ ಹೆಸರೂ ಸಾಮಾನ್ಯ ಬಳಕೆಗೆ ಬಂದದ್ದು ಬಹಳ ತಡವಾಗಿ. ಅಂದಮೇಲೆ ಕುಂಡದ ಆಳ ಕಾಂಡದ ದಪ್ಪದಷ್ಟಿರಬೇಕೆಂಬ ನಿಯಮ ತ್ಸುನೆಯೋವಿನ ಕಾಲದ್ದಾಗಿರಲು ಹೇಗೆ ಸಾಧ್ಯ?

1603ರಿಂದ 1868ರವರೆಗಿನ ಎದೋ ಕಾಲದಲ್ಲಿ ತೋಟಗಾರಿಕೆಯು ಜಪಾನಿನಲ್ಲಿ ಒಂದು ಹುಚ್ಚಾಗಿಯೇ ಹಬ್ಬಿತು. ಮೂರನೆಯ ಷೋಗನ್ ತೊಕುಗಾವಾ ಇಎಮಿತ್ಸು ಕುಂಡದ ಮರಗಳ ಪರಮಪ್ರೇಮಿ. ಅವನದೆಂದು ಹೇಳುವ ಐದು ಸೂಜಿಯೆಲೆಗಳ ಪೈನ್ ಮರವೊಂದು ಇಂದಿಗೂ ಚಕ್ರವರ್ತಿಯ ಅರಮನೆಯ ಸಂಗ್ರಹದಲ್ಲಿ ಜೀವಂತವಾಗಿದೆ. ಇಂದಿನ ಟೋಕಿಯೋ ಆಗಿರುವ ಎದೋ ನಗರದ ಅಂಚಿನಲ್ಲಿ ಸೊಮೇಯಿ, ದಾಂಗೊಜಾಕಾ ಮೊದಲಾದ ಕಡೆ ಗಿಡ ಬೆಳೆಸುವವರ ಕೇರಿಗಳೇ ಇದ್ದವು. 1829ರಲ್ಲಿ ಪ್ರಕಟವಾದ 'ಸೋಮೊಕು ಕಿನ್‌ಯೋಷೂ' ಎಂಬ ಸಚಿತ್ರ ಗ್ರಂಥದಲ್ಲಿ ಕುಂಡದ ಪೈನ್ ಮರವು ಹೇಗಿದ್ದರೆ ಚೆನ್ನ ಎಂಬ ವಿವರಣೆ ಬರುತ್ತದೆ. ಲಿಖಿತ ನಿಯಮದ ಮೊದಲ ಹೆಜ್ಜೆ ಇದೇ ಎನ್ನಬಹುದು. ಹೀಗಾಗಿ ನಿಯಮಗಳೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಕಾಲದಲ್ಲಿ ಅಸಾಕುಸಾ ಪ್ರದೇಶದಲ್ಲಿ ಭರದಿಂದ ಮಾರಾಟವಾಗುತ್ತಿದ್ದ ಮರಗಳು ಯಾವುವು ಗೊತ್ತೇ? ಅಷ್ಟಪದಿಯ ಕೈಗಳಂತೆ ಉದ್ದುದ್ದವಾಗಿ ಅಲೆಯಲೆಯಾಗಿ ಚಾಚಿದ ಕೊಂಬೆಗಳ ಮರಗಳು. ಅವುಗಳ ಹೆಸರೇ ಅಷ್ಟಪದಿ ಶೈಲಿ. ಇಂದು ಅಂಥದೊಂದನ್ನು ಬೋನ್ಸಾಯ್ ಸ್ಪರ್ಧೆಯಲ್ಲಿ ಇಟ್ಟರೆ ತೀರ್ಪುಗಾರರು ನಕ್ಕು ಮುಂದೆ ನಡೆದಾರು. ಅಜ್ಜನ ಕಾಲದ ಫ್ಯಾಷನ್ನು ಮೊಮ್ಮಗನ ಕಾಲದ ದೋಷ.

ಮತ್ತೊಂದು ಧಾರೆ ಚಿತ್ರಕಲೆಯಿಂದ ಬಂದದ್ದು. ಚೀನಾದಲ್ಲಿ 1679ರಲ್ಲಿ ಮೊದಲ ಭಾಗ ಪ್ರಕಟವಾದ 'ಸಾಸಿವೆಕಾಳಿನ ತೋಟ'ದ ಚಿತ್ರಕಲಾ ಕೈಪಿಡಿಯು ಮರಗಳನ್ನು ಕುಂಚದಲ್ಲಿ ಹೇಗೆ ಮೂಡಿಸಬೇಕೆಂದು ಹಂತಹಂತವಾಗಿ ಕಲಿಸುತ್ತದೆ. ಒಂದು ಮರ, ಎರಡು ಮರ, ಆಮೇಲೆ ಗುಂಪು. ಯಾವ ಕೊಂಬೆ ಎತ್ತ ತಿರುಗಬೇಕು, ಯಾವುದು ಯಾವುದನ್ನು ಅಡ್ಡಹಾಯಬಾರದು ಇತ್ಯಾದಿ. ಜಪಾನಿನ ವಿದ್ವಾಂಸರು, ಕವಿಗಳು ಈ ಕೈಪಿಡಿಯನ್ನು ಆಸ್ಥೆಯಿಂದ ಓದಿದರು. ಆ ಚಿತ್ರಗಳ ಒಣಕಲು ಪೈನ್ ಮರಗಳಂತೆಯೇ ಇರುವ, ತೆಳ್ಳಗೆ ಉದ್ದವಾಗಿ ಬಳುಕಿ ನೆತ್ತಿಯಲ್ಲಿ ಮಾತ್ರ ನಾಲ್ಕು ಕೊಂಬೆಗಳಿರುವ ಕುಂಡದ ಮರಗಳನ್ನು ಮೆಚ್ಚಿದರು. ಇದಕ್ಕೆ 'ಬುಂಜಿನ್' ಶೈಲಿ, ಅಂದರೆ ವಿದ್ವಜ್ಜನರ ಶೈಲಿ ಎಂದು ಹೆಸರು. ಎತ್ತರವು ದಪ್ಪದ ಆರರಷ್ಟಿರಬೇಕು, ಮೊದಲ ಕೊಂಬೆ ಮೂರರಲ್ಲೊಂದರ ಮಟ್ಟದಲ್ಲಿರಬೇಕು ಎಂಬ ಎರಡೂ ನಿಯಮಗಳನ್ನು ಇದು ನಿರಾಯಾಸವಾಗಿ ಮುರಿಯುತ್ತದೆ. ಪುಸ್ತಕಗಳು ಇದನ್ನು 'ಅಪವಾದ' ಎಂದು ಕೊನೆಯಲ್ಲಿ ಸೇರಿಸುತ್ತವೆ. ಕಾಲಕ್ರಮದಲ್ಲಿ ನೋಡಿದರೆ ಅಪವಾದವೇ ಹಿರಿಯಣ್ಣ, ನಿಯಮ ತಮ್ಮ. ವ್ಯಾಕರಣ ಪುಸ್ತಕಗಳಲ್ಲಿಯೂ ಹೀಗೆ ಆಗುವುದುಂಟು.

ಇನ್ನು ಕೊಂಬೆಗಳನ್ನು ಬೇಕಾದ ಕಡೆಗೆ ಬಾಗಿಸುವ ಲೋಹದ ತಂತಿ. ಹಿಂದೆ ನಾರಿನ ಹುರಿಯಿಂದ ಕಟ್ಟಿ ಎಳೆಯುತ್ತಿದ್ದರು. ತಂತಿ ಸುತ್ತಿ ರೂಪಿಸುವ ವಿಧಾನದ ವಿವರಣೆ ಜಪಾನಿ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದು 1910ರ ಸುಮಾರಿಗೆ. ಮೊದಲು ಸತುವಿನ ಲೇಪವಿದ್ದ ಉಕ್ಕಿನ ತಂತಿ, ಬೆಲೆಬಾಳುವ ಮರಗಳಿಗೆ ತಾಮ್ರದ್ದು. ನಾವು ಬಳಸುವ ಅಲ್ಯೂಮಿನಿಯಂ ಇನ್ನೂ ಈಚಿನದು. ಪ್ರತಿಯೊಂದು ಕೊಂಬೆಯನ್ನೂ ಇಂಥಲ್ಲಿ, ಇಂಥ ಕೋನದಲ್ಲಿ ನಿಲ್ಲಿಸಬಹುದೆಂಬ ಅನುಕೂಲ ಒದಗಿದ ಮೇಲಲ್ಲವೇ ಇಂಥಲ್ಲಿಯೇ ನಿಲ್ಲಿಸಬೇಕೆಂಬ ಮಾತು ಹುಟ್ಟುವುದು?

1923ರ ಸೆಪ್ಟೆಂಬರಿನ ಮಹಾಭೂಕಂಪದಲ್ಲಿ ಟೋಕಿಯೋ ಸುಟ್ಟು ಬೂದಿಯಾಯಿತು. ನಗರದಲ್ಲಿದ್ದ ಬೋನ್ಸಾಯ್ ತೋಟದವರಲ್ಲಿ ಕೆಲವರು ಒಳ್ಳೆಯ ನೀರು, ಗಾಳಿ, ವಿಶಾಲವಾದ ಜಾಗವನ್ನು ಅರಸಿ ಉತ್ತರದ ಓಮಿಯಾಕ್ಕೆ ವಲಸೆ ಹೋಗಿ 1925ರಲ್ಲಿ ಒಂದು ಬೋನ್ಸಾಯ್ ಗ್ರಾಮವನ್ನೇ ಕಟ್ಟಿಕೊಂಡರು. ಅಲ್ಲಿ ನೆಲೆಸಲು ಬರುವವರಿಗೆ ಅವರು ನಾಲ್ಕು ಕಟ್ಟಳೆಗಳನ್ನು ಮಾಡಿದರು: ಕನಿಷ್ಠ ಹತ್ತು ಕುಂಡಗಳಾದರೂ ಇರಬೇಕು, ಮನೆಯ ಬಾಗಿಲು ನೋಡಬಂದವರಿಗೆ ತೆರೆದಿರಬೇಕು, ಎರಡಂತಸ್ತಿನ ಮನೆ ಕಟ್ಟಬಾರದು, ಬೇಲಿಯೆಂದರೆ ಜೀವಂತ ಗಿಡಗಳ ಬೇಲಿಯೇ ಆಗಿರಬೇಕು. ಈ ಕಲೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ನಿಯಮಾವಳಿ ಇದು. ಮಾಳಿಗೆಯ ನೆರಳು ಪಕ್ಕದವರ ಮರದ ಮೇಲೆ ಬೀಳಬಾರದೆಂಬ ವಿವೇಚನೆ ಇದರಲ್ಲಿದೆ. ಕೊಂಬೆ ಎಲ್ಲಿರಬೇಕೆಂದು ಆ ಗ್ರಾಮದವರು ಕಟ್ಟಳೆ ಮಾಡಲಿಲ್ಲ! 1934ರಲ್ಲಿ ಟೋಕಿಯೋದ ಉಯೆನೊ ಉದ್ಯಾನದ ಕಲಾ ಸಂಗ್ರಹಾಲಯದಲ್ಲಿ 'ಕೊಕುಫು' ಎಂಬ ಪ್ರದರ್ಶನ ಮೊದಲ ಬಾರಿಗೆ ನಡೆಯಿತು. ಅಂದಿನಿಂದ ಬೋನ್ಸಾಯ್ ತೋಟಗಾರಿಕೆಯ ಪಂಕ್ತಿಯಿಂದೆದ್ದು ಚಿತ್ರ, ಶಿಲ್ಪಗಳ ಪಂಕ್ತಿಯಲ್ಲಿ ಕುಳಿತಿತು. ಅಕ್ಕಪಕ್ಕದಲ್ಲಿಟ್ಟು ನೋಡುವ, ಹೋಲಿಸುವ, ಆರಿಸುವ ಸಂದರ್ಭ ಬಂದಾಗ ಮಾನದಂಡಗಳು ಬಿಗಿಯಾಗುವುದು ಸಹಜವೇ.

ಆದರೂ ಆ ತೋಟಗಳಲ್ಲಿ ಕಲಿಕೆ ನಡೆಯುತ್ತಿದ್ದದ್ದು ಪಟ್ಟಿಯಿಂದಲ್ಲ, ಗುರುಕುಲದ ಕ್ರಮದಿಂದ. ಶಿಷ್ಯನು ಗುರುವಿನ ಮನೆಯಲ್ಲಿಯೇ ಇದ್ದು ಗುಡಿಸಿ, ಹೊತ್ತು, ಕಳೆ ಕಿತ್ತು ಕಲಿಯಬೇಕು. ನೀರು ಹಾಕುವುದನ್ನು ಕಲಿಯಲು ಮೂರು ವರ್ಷ ಎಂಬುದು ಅಲ್ಲಿನ ಗಾದೆ. ಬೋನ್ಸಾಯ್ ಮಾಂತ್ರಿಕನೆಂದು ಹೆಸರಾದ ಮಸಾಹಿಕೊ ಕಿಮುರಾ ಹದಿನೈದರ ವಯಸ್ಸಿನಲ್ಲಿ ಓಮಿಯಾದ ಗುರುವೊಬ್ಬರ ತೋಟ ಸೇರಿ ಹನ್ನೊಂದು ವರ್ಷ ಅಲ್ಲಿ ದುಡಿದವರು. ಇಂಥ ಶಿಷ್ಯನಿಗೆ ಮೊದಲ ಕೊಂಬೆ ಎಲ್ಲಿರಬೇಕೆಂದು ಯಾರೂ ಅಂಕಿಯಲ್ಲಿ ಹೇಳಬೇಕಾಗಿರಲಿಲ್ಲ. ಹನ್ನೊಂದು ವರ್ಷ ದಿನವೂ ಸಾವಿರ ಮರಗಳನ್ನು ಕಂಡ ಕಣ್ಣಿಗೆ ಅದು ತಾನಾಗಿಯೇ ತಿಳಿಯುತ್ತದೆ. ತಾಯಿಯ ಮಡಿಲಲ್ಲಿ ಕನ್ನಡ ಕಲಿತ ಮಗುವಿಗೆ ವಿಭಕ್ತಿ ಪ್ರತ್ಯಯಗಳ ಕೋಷ್ಟಕ ಬೇಕೇ? ಅದು ಬೇಕಾಗುವುದು ಹೊರಗಿನಿಂದ ಬಂದು ಕಲಿಯುವವರಿಗೆ.

ಹೊರಗಿನವರು ಬಂದರು. ಯುದ್ಧ ಮುಗಿದು 1945ರಿಂದ 1952ರವರೆಗೆ ಜಪಾನಿನಲ್ಲಿ ಮಿತ್ರರಾಷ್ಟ್ರಗಳ ಸೈನ್ಯವಿತ್ತು; ಅಧಿಕಾರಿಗಳ, ರಾಜತಾಂತ್ರಿಕರ ಕುಟುಂಬಗಳೂ ಇದ್ದವು. ಅವರಿಗೆ ಬೋನ್ಸಾಯ್ ಕಲಿಯುವ ಆಸೆ. ಇರುವ ಅವಧಿ ಎರಡು ಮೂರು ವರ್ಷ. ಟೋಕಿಯೋದ ತೋಟಗಾರ ಮನೆತನದ ಯೂಜಿ ಯೋಶಿಮುರಾ ಎಂಬ ಯುವಕ 1952ರಲ್ಲಿ ಇಂಥವರಿಗಾಗಿ ತರಗತಿಗಳನ್ನು ಆರಂಭಿಸಿದರು. ಮನೆತನದ ವಿದ್ಯೆಯನ್ನು ಹಣ ಕೊಟ್ಟು ಬಂದವರಿಗೆ, ಅದೂ ಪರದೇಶದವರಿಗೆ, ವೇಳಾಪಟ್ಟಿಯ ಪ್ರಕಾರ ಕಲಿಸುವುದು ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ. ಅವರ ವಿದ್ಯಾರ್ಥಿನಿ ಜಿಯೊವಾನ್ನಾ ಹಾಲ್‌ಫರ್ಡ್ ಬ್ರಿಟಿಷ್ ರಾಜತಾಂತ್ರಿಕರೊಬ್ಬರ ಪತ್ನಿ. ಗುರುಶಿಷ್ಯರಿಬ್ಬರೂ ಸೇರಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1957ರಲ್ಲಿ ಹೊರಬಂತು. ಶೈಲಿಗಳನ್ನು ವಿಂಗಡಿಸಿ, ಕೆಲಸವನ್ನು ಹಂತಗಳಾಗಿ ಬಿಡಿಸಿ, ಚಿತ್ರಗಳೊಂದಿಗೆ ವಿವರಿಸಿದ ಈ ಪುಸ್ತಕ ಜಗತ್ತಿನ ಅನೇಕರಿಗೆ ಮೊದಲ ಪಾಠವಾಯಿತು. ಮರುವರ್ಷ ಯೋಶಿಮುರಾ ಅಮೆರಿಕೆಗೆ ಹೋಗಿ ಜೀವಮಾನವಿಡೀ ಅಲ್ಲಿಯೇ ಕಲಿಸಿದರು.

ಇನ್ನೊಬ್ಬರು ಜಾನ್ ಯೋಶಿಯೋ ನಾಕಾ. 1914ರಲ್ಲಿ ಅಮೆರಿಕೆಯ ಕೊಲೊರಾಡೊದಲ್ಲಿ ಹುಟ್ಟಿ, ಎಂಟರ ವಯಸ್ಸಿನಲ್ಲಿ ಜಪಾನಿಗೆ ಹೋಗಿ ಅಜ್ಜನಿಂದ ಬೋನ್ಸಾಯ್ ರುಚಿ ಹತ್ತಿಸಿಕೊಂಡು, 1935ರಲ್ಲಿ ಮರಳಿದವರು. ಲಾಸ್ ಏಂಜಲೀಸ್ ಪ್ರದೇಶದಲ್ಲಿ ನೂರಾರು ಜನರಿಗೆ ಕಲಿಸಿದ ಇವರ ಪಾಠಗಳು 1973ರಲ್ಲಿ ಒಂದು, 1982ರಲ್ಲಿ ಇನ್ನೊಂದು ಸಂಪುಟವಾಗಿ ಬಂದವು. ಕೊಂಬೆಗಳ ಸ್ಥಾನ, ದೋಷಪೂರ್ಣ ಕೊಂಬೆಗಳ ವಿಧಗಳು, ಪ್ರಮಾಣಗಳು ಎಲ್ಲವೂ ಇವುಗಳಲ್ಲಿ ರೇಖಾಚಿತ್ರಗಳ ಸಹಿತ ಇವೆ. ನಾನು ಕಂಡಂತೆ ನಮ್ಮ ದೇಶದ ನಗರಗಳಲ್ಲಿ ಬೋನ್ಸಾಯ್ ಕಲಿಸುವವರ ಪಟ್ಟಿಗಳು ಹೆಚ್ಚಾಗಿ ಇಂಥ ಪುಸ್ತಕಗಳಿಂದಲೇ ಬಸಿದುಬಂದವು. ನಾನು ಹುಡುಕುತ್ತಿದ್ದ ಕೇಶಿರಾಜರು ಇವರೇ.

ಇದನ್ನು ಹೇಳಿದ ಮಾತ್ರಕ್ಕೆ ನಿಯಮಗಳು ಹುಸಿಯೆಂದೇನೂ ಆಗುವುದಿಲ್ಲ. ಒಂದೊಂದರ ಹಿಂದೆಯೂ ಕಾರಣವಿದೆ. ಪಟ್ಟಿಯಲ್ಲಿ ಕಾರಣಗಳು ಬಿಟ್ಟುಹೋಗಿವೆ, ಅಷ್ಟೇ. ನನ್ನ ಮಟ್ಟಿಗೆ ಕಲಿಕೆಯ ಸುಖವೆಲ್ಲ ಈ ಕಾರಣಗಳನ್ನು ಹುಡುಕುವುದರಲ್ಲಿತ್ತು.

ಕೊಂಬೆ ಕಣ್ಣಿಗೆ ಚುಚ್ಚಬಾರದು, ಮರಕ್ಕೆ ಒಂದು 'ಮುಂಬದಿ' ಇರಬೇಕು ಎಂಬುದನ್ನು ತೆಗೆದುಕೊಳ್ಳಿ. ಕಾಡಿನ ಮರಕ್ಕೆ ಮುಂಬದಿ ಎಲ್ಲಿಯದು? ಆದರೆ ಜಪಾನಿ ಮನೆಯಲ್ಲಿ 'ತೊಕೊನೊಮಾ' ಎಂಬ ಗೋಡೆಗೂಡು ಇರುತ್ತದೆ. ಅಲ್ಲಿ ಚಿತ್ರಪಟವನ್ನು ತೂಗುಹಾಕಿ ಪಕ್ಕದಲ್ಲಿ ಮರವನ್ನು ಇಡುತ್ತಾರೆ. ಅತಿಥಿಯು ಚಾಪೆಯ ಮೇಲೆ ಕುಳಿತು ಒಂದೇ ದಿಕ್ಕಿನಿಂದ ನೋಡುತ್ತಾನೆ. ನೆತ್ತಿಯು ನೋಡುವವನ ಕಡೆಗೆ ತುಸು ಬಾಗಿರಬೇಕೆಂಬುದೂ ಕೆಳಗೆ ಕುಳಿತು ಮೇಲಕ್ಕೆ ನೋಡುವ ಅವನಿಗಾಗಿಯೇ. ಎತ್ತರ ದಪ್ಪದ ಆರರಷ್ಟು ಎಂಬುದೂ ಹೀಗೆಯೇ. ಮೂವತ್ತು ಮೀಟರ್ ಎತ್ತರದ ಪೈನ್ ಮರದ ಕಾಂಡ ಒಂದು ಮೀಟರ್ ದಪ್ಪವಿದ್ದರೆ ಎತ್ತರವು ಮೂವತ್ತರಷ್ಟಾಯಿತು, ಆರರಷ್ಟಲ್ಲ. ಆದರೆ ಆ ಮರದ ಬುಡದಲ್ಲಿ ನಿಂತು ಕತ್ತೆತ್ತಿ ನೋಡಿ. ಬುಡ ಭಾರಿಯಾಗಿ, ತುದಿ ಕಿರಿದಾಗಿ, ಇಡೀ ಮರ ಗಿಡ್ಡವಾಗಿ ಕಾಣುತ್ತದೆ. ಬೋನ್ಸಾಯ್ ಅನುಕರಿಸುವುದು ಮರವನ್ನಲ್ಲ, ಮರದ ಬುಡದಲ್ಲಿ ನಿಂತ ಮನುಷ್ಯನ ನೋಟವನ್ನು.

ಕೆಲವು ನಿಯಮಗಳಿಗೆ ಸಸ್ಯದ ಸ್ವಭಾವವೇ ಕಾರಣ. ಬಾಗಿನ ಒಳಮಗ್ಗುಲಿನ ಕೊಂಬೆಗೆ ಕಾಂಡದ ನೆರಳು ಬಿದ್ದು ಬೆಳಕು ಸಾಲದು. ಒಂದೇ ಮಟ್ಟದಲ್ಲಿ ಎದುರುಬದುರಾಗಿ ಎರಡು ಕೊಂಬೆಗಳನ್ನು ಬಿಟ್ಟರೆ ಆ ಜಾಗದಲ್ಲಿ ಕಾಂಡ ಗಂಟುಕಟ್ಟಿ ಉಬ್ಬುತ್ತದೆ. ಒಮ್ಮೆ ಉಬ್ಬಿದರೆ ಬುಡಕ್ಕಿಂತ ನಡುವೇ ದಪ್ಪವಾಗಿ ಮರದ ಅಂದ ಕೆಡುತ್ತದೆ. ಮರದ ಶಕ್ತಿ ತುದಿಯ ಕಡೆಗೆ ಓಡುವುದರಿಂದ ನೆತ್ತಿಯನ್ನು ಹೆಚ್ಚು, ಕೆಳಕೊಂಬೆಗಳನ್ನು ಕಡಿಮೆ ಚಿವುಟಬೇಕು. ಇಲ್ಲವಾದರೆ ಅಷ್ಟು ಮುತುವರ್ಜಿಯಿಂದ ಮೂರರಲ್ಲೊಂದರ ಮಟ್ಟದಲ್ಲಿ ನಿಲ್ಲಿಸಿದ ಮೊದಲ ಕೊಂಬೆಯೇ ಮೊದಲು ಸಾಯುತ್ತದೆ. ಇದಂತೂ ಯಾವ ದೇಶದಲ್ಲಿಯೂ ಸುಳ್ಳಾಗದ ಮಾತು. ಬೆಸಸಂಖ್ಯೆಯ ನಿಯಮದಲ್ಲಿ ಅಷ್ಟು ತಿರುಳಿಲ್ಲ. ಸಂಖ್ಯೆ ಬೆಸವಾದರೆ ಕಣ್ಣು ಗುಂಪನ್ನು ಸರಿಯಾಗಿ ಎರಡು ಭಾಗ ಮಾಡಲಾರದು ಎಂಬುದಷ್ಟೇ. ಹನ್ನೆರಡು ಹದಿನೈದು ಮರಗಳಾದ ಮೇಲೆ ಎಣಿಸುವವರಾರು?

ಕೊಂಬೆಗಳು ಕೆಳಕ್ಕೆ ಜಗ್ಗಿರಬೇಕು, ಜಗ್ಗಿದಷ್ಟೂ ಮರಕ್ಕೆ ವಯಸ್ಸಾದಂತೆ ಕಾಣುತ್ತದೆ ಎಂಬ ನಿಯಮವಿದೆಯಲ್ಲ, ಅದರಲ್ಲಿ ನಾನು ತಡೆದು ನಿಂತೆನು. ಇದು ಹಿಮ ಬೀಳುವ ಬೆಟ್ಟಗಳ ನಿಯಮ. ಪೈನ್, ಜುನಿಪರ್ ಮರಗಳ ಕೊಂಬೆಗಳ ಮೇಲೆ ನೂರಾರು ಚಳಿಗಾಲಗಳ ಹಿಮ ಕುಳಿತು ಕುಳಿತು ಅವು ಕೆಳಗೆ ಬಾಗುತ್ತವೆ. ಜಪಾನಿನಲ್ಲಿಯೇ ಕೆಯಾಕಿ ಎಂಬ ಎಲೆಯುದುರುವ ಮರಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಅದನ್ನು ತಲೆಕೆಳಗು ನಿಲ್ಲಿಸಿದ ಪೊರಕೆಯಂತೆ ಬೆಳೆಸುತ್ತಾರೆ, ಏಕೆಂದರೆ ನೆಲದ ಮೇಲೆ ಅದು ಬೆಳೆಯುವುದೇ ಹಾಗೆ. ಇನ್ನು ಬಯಲುಸೀಮೆಯ ಹುಣಸೆಮರಕ್ಕೆ ಯಾವ ಹಿಮದ ಭಾರ? ಅದರ ಮುಪ್ಪು ಕಾಣುವುದು ಗುಮ್ಮಟದಂತೆ ಹರಡಿದ ತಲೆಯಲ್ಲಿ, ಗಂಟುಗಂಟಾದ ಬುಡದಲ್ಲಿ, ಪೊಟರೆಯಲ್ಲಿ. ಹುಣಸೆಯ ಕೊಂಬೆಗಳಿಗೆ ತಂತಿ ಸುತ್ತಿ ಪೈನ್ ಮರದಂತೆ ಕೆಳಗೆ ಜಗ್ಗಿಸಿದ ಕುಂಡಗಳನ್ನು ಪ್ರದರ್ಶನಗಳಲ್ಲಿ ನೋಡಿದ್ದೇನೆ. ಕೆಲಸದಲ್ಲಿ ಕೊರತೆಯಿಲ್ಲ. ಆದರೆ ಕನ್ನಡದ ಹುಡುಗನೊಬ್ಬ ಪರಭಾಷೆಯ ಉಚ್ಚಾರಣೆಯಲ್ಲಿ ಕನ್ನಡ ಮಾತನಾಡಿದಂತೆ ಕೇಳಿಸುತ್ತದೆ.

ನಮ್ಮ ಆಲವಂತೂ ಇಡೀ ಪಟ್ಟಿಯನ್ನೇ ಬುಡಮೇಲು ಮಾಡುವ ಮರ. ಬೆಂಗಳೂರಿನ ಪಶ್ಚಿಮಕ್ಕೆ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರಕ್ಕೆ ಶಾಲೆಯ ಮಕ್ಕಳನ್ನು ಪ್ರವಾಸ ಕರೆದೊಯ್ದ ನೆನಪು ನಿಮ್ಮಲ್ಲಿ ಕೆಲವರಿಗಿರಬಹುದು. ಸುಮಾರು ಮೂರು ಎಕರೆಯಷ್ಟು ಹಬ್ಬಿರುವ ಆ ಮರದ ಮೂಲಕಾಂಡವು ರೋಗದಿಂದ ನಾಶವಾಗಿ ಹೋಗಿದ್ದರೂ ಮರ ಬದುಕಿದೆ. ಬಿಳಲುಗಳೇ ಕಾಂಡಗಳಾಗಿ ನಿಂತಿವೆ. ಅದರ ಮುಂಬದಿ 어디ಯೆಂದು ಕೇಳುವಂತಿಲ್ಲ, ಮೊದಲ ಕೊಂಬೆ ಯಾವುದೆಂದು ಹೇಳುವಂತಿಲ್ಲ, ಎತ್ತರಕ್ಕಿಂತ ಅಗಲವೇ ಹಲವು ಪಾಲು ಹೆಚ್ಚು. ಇದನ್ನು ಕುಂಡಕ್ಕೆ ಇಳಿಸಬೇಕಾದರೆ ಆಲವನ್ನು ನೋಡಿಯೇ ಹೊಸ ಸೂತ್ರ ಬರೆಯಬೇಕು. ದಕ್ಷಿಣ ಆಫ್ರಿಕದವರು ಹಾಗೆ ಮಾಡಿದ್ದಾರೆ. ಅಲ್ಲಿನ ಬಯಲಿನ ಅಕೇಶಿಯಾ ಮರಗಳು ಕೊಡೆಯಂತೆ ಚಪ್ಪಟೆ ತಲೆಯವು. ಪಿಯೆರ್ನೀಫ್ ಎಂಬ ಚಿತ್ರಕಾರ ಅವುಗಳನ್ನು ತನ್ನ ಭೂದೃಶ್ಯಗಳಲ್ಲಿ ಮೂಡಿಸಿದ್ದನು. ಆ ರೂಪಕ್ಕೆ ಅವನ ಹೆಸರನ್ನೇ ಇಟ್ಟು ಅಲ್ಲಿನ ಬೋನ್ಸಾಯ್ ಕಲಾವಿದರು ಒಂದು ಶೈಲಿಯನ್ನಾಗಿ ಮಾಡಿಕೊಂಡರು. ಬಾವೊಬಾಬ್ ಮರಕ್ಕೆ ಬೇರೆಯೇ ಶೈಲಿ. ನಮ್ಮಲ್ಲಿ ಲಾಲ್‌ಬಾಗ್‌ನಲ್ಲಿಯೂ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟದಲ್ಲಿಯೂ ಈ ನಾಡಿನ ಮರಗಳನ್ನು ಕುಂಡದಲ್ಲಿ ನೋಡಬಹುದು. ಹೋದಾಗ ಆಲ, ಅರಳಿ, ಅತ್ತಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ನನ್ನಲ್ಲಿಯೂ ಒಂದು ಆಲವಿದೆ. ಮಳೆಗಾಲದಲ್ಲಿ ಅದರ ಕೊಂಬೆಯಿಂದ ದಾರದಂಥ ಬಿಳಲುಗಳು ಇಳಿಯುತ್ತವೆ. ಗಾಳಿ ಒಣಗಿದೊಡನೆ ಅರ್ಧದಲ್ಲಿಯೇ ಸುರುಟಿಹೋಗುತ್ತವೆ. ತಂಪು ಪಾನೀಯ ಕುಡಿಯುವ ಕೊಳವೆಯೊಂದನ್ನು ಉದ್ದಕ್ಕೆ ಸೀಳಿ ಬಿಳಲಿಗೆ ತೊಡಿಸಿ ಮಣ್ಣಿನವರೆಗೆ ಇಳಿಸಿದರೆ ಒಳಗಿನ ತೇವದಲ್ಲಿ ಅದು ನೆಲ ಮುಟ್ಟುತ್ತದೆ. ಈ ಉಪಾಯ ಜಪಾನಿನ ಪೈನ್ ಮರದ ಪಾಠದಲ್ಲಿ ಇರಲಾರದು. ಹಾಗೆಯೇ ಪೈನ್ ಮರಕ್ಕೆ ಸುತ್ತಿದ ತಂತಿ ತಿಂಗಳುಗಟ್ಟಲೆ ಇರಬಹುದು. ಮಳೆಗಾಲದ ಆಲಕ್ಕೆ ಕೆಲವೇ ವಾರಗಳಲ್ಲಿ ಅದು ತೊಗಟೆಯೊಳಗೆ ಕಚ್ಚಿಕೊಳ್ಳುತ್ತದೆ.

ನಾಕಾ ಅವರ ಬಗ್ಗೆ ಒಂದು ಮಾತು ಉಳಿಯಿತು. ಅಷ್ಟೊಂದು ನಿಯಮಗಳನ್ನು ಬರೆದಿಟ್ಟ ಅವರೇ ಶಿಷ್ಯರಿಗೆ ಮತ್ತೆ ಮತ್ತೆ ಹೇಳುತ್ತಿದ್ದದ್ದು, ಮರವನ್ನು ಬೋನ್ಸಾಯ್‌ನಂತೆ ಮಾಡಬೇಡಿ, ಬೋನ್ಸಾಯನ್ನು ಮರದಂತೆ ಮಾಡಿ ಎಂದು. ಅವರ ಅತ್ಯಂತ ಹೆಸರಾದ ಕೃತಿ 'ಗೋಶಿನ್' ಎಂಬ ಜುನಿಪರ್ ತೋಪು. 1948ರಲ್ಲಿ ಎರಡು ಮರಗಳಿಂದ ಆರಂಭವಾಗಿ, 1964ರಲ್ಲಿ ತೋಪಿನ ರೂಪ ಪಡೆದು, ಕೊನೆಗೆ ಹನ್ನೊಂದು ಮರಗಳಾಯಿತು. ಹನ್ನೊಂದೇ ಏಕೆ? ಬೆಸಸಂಖ್ಯೆಯ ನಿಯಮ ಪಾಲಿಸಿದ್ದಾರೆಂದು ವಿದ್ಯಾರ್ಥಿಗಳು ಹೇಳಿಯಾರು. ಅವರಿಗೆ ಹನ್ನೊಂದು ಮಂದಿ ಮೊಮ್ಮಕ್ಕಳಿದ್ದರು. ಮೊಮ್ಮಕ್ಕಳು ಹುಟ್ಟಿದಂತೆ ಮರಗಳೂ ಹೆಚ್ಚಿದವು. 1984ರಲ್ಲಿ ಆ ತೋಪು ವಾಷಿಂಗ್ಟನ್ನಿನ ರಾಷ್ಟ್ರೀಯ ವೃಕ್ಷೋದ್ಯಾನವನ್ನು ಸೇರಿತು.

ಮನೆಗೆ ಬಂದ ನೆಂಟರು ಕುಂಡಗಳನ್ನು ನೋಡಿ ಮರಕ್ಕೆ ಹಿಂಸೆಯಲ್ಲವೇ ಎಂದು ಕೇಳುತ್ತಾರೆ. ಏಳುನೂರು ವರ್ಷಗಳ ಹಿಂದೆ ಸುಕೆತೊಮೊವಿನ ಮನಸ್ಸನ್ನು ಕಾಡಿದ್ದೂ ಇದೇ ಪ್ರಶ್ನೆ. ಆದ್ದರಿಂದ ನಾನು ಅದನ್ನು ಹಗುರವಾಗಿ ಕಾಣುವುದಿಲ್ಲ. ಮರ ಕುಳ್ಳಾಗುವುದು ಉಪವಾಸದಿಂದಲ್ಲ. ಉಪವಾಸ ಕೆಡವಿದ ಮರ ಒಂದು ಬೇಸಿಗೆಯನ್ನೂ ದಾಟದು. ಬೇರಿನ ತುದಿ ಕತ್ತರಿಸಿದರೆ ನವುರಾದ ಹೊಸ ಬೇರುಗಳು ಕವಲೊಡೆಯುತ್ತವೆ, ಚಿಗುರು ಚಿವುಟಿದರೆ ರೆಂಬೆ ಕವಲಾಗುತ್ತದೆ. ಹೀಗೆ ಪುನಃ ಪುನಃ ಎಳೆಯದಾಗುವುದರಿಂದಲೇ ಕುಂಡದ ಮರಗಳು ಅಷ್ಟು ಕಾಲ ಬಾಳುತ್ತವೆ. ತಂತಿಯನ್ನು ಸಕಾಲದಲ್ಲಿ ಬಿಚ್ಚದೆ ತೊಗಟೆ ಸೀಳುವಂತೆ ಬಿಟ್ಟರೆ ಅದು ಹಿಂಸೆ. ಊರಿಗೆ ಹೋಗುವಾಗ ನೀರಿಗೆ ಯಾರನ್ನೂ ಗೊತ್ತುಮಾಡದೆ ಹೋದರೆ ಅದು ಹಿಂಸೆ. ಇವೆರಡೂ ಸೌಂದರ್ಯದ ಪಟ್ಟಿಯಲ್ಲಿಲ್ಲ. ಗೋಶಿನ್ ಇರುವ ವೃಕ್ಷೋದ್ಯಾನದಲ್ಲಿಯೇ ಹಿರೋಶಿಮಾದ ಯಾಮಾಕಿ ಮನೆತನದ ಬಿಳಿ ಪೈನ್ ಮರವೊಂದಿದೆ. 1625ರಿಂದ ಕುಂಡದ ಆರೈಕೆಯಲ್ಲಿರುವ ಮರವದು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ತೋಟದ ಗೋಡೆಯ ಮರೆಯಲ್ಲಿದ್ದುದರಿಂದ ಉಳಿಯಿತು. 1976ರಲ್ಲಿ ಜಪಾನ್ ಅಮೆರಿಕೆಗೆ ಉಡುಗೊರೆಯಾಗಿ ಕೊಟ್ಟ 53 ಮರಗಳಲ್ಲಿ ಅದೂ ಒಂದಾಗಿ ಬಂದಿತು. ಕೊಟ್ಟವರು ಬಾಂಬಿನ ಸಂಗತಿಯನ್ನು ಮುಂದೆ ಮಾಡಲಿಲ್ಲ. 2001ರಲ್ಲಿ ಆ ಮನೆತನದ ಮೊಮ್ಮಕ್ಕಳಿಬ್ಬರು ಮರವನ್ನು ನೋಡಲು ವಾಷಿಂಗ್ಟನ್ನಿಗೆ ಬಂದು ಹೇಳಿದ ಮೇಲೆಯೇ ಅದು ಅಲ್ಲಿನವರಿಗೆ ತಿಳಿದದ್ದು. ಅಲ್ಲಿಯವರೆಗಿನ ಇಪ್ಪತ್ತೈದು ವರ್ಷವೂ ಅವರು ಉಳಿದ ಮರಗಳಿಗೆ ಹಾಕಿದಂತೆಯೇ ಅದಕ್ಕೂ ನೀರು ಹಾಕಿಕೊಂಡು ಬಂದಿದ್ದರು.